ಚೆನ್ನಾಜಮ್ಮ ಬಡಾವಣೆ

ನಮ್ಮ ಊರಿನಲ್ಲಿ ಬಡಾವಣೆಗಳ ಕಮಾನಿನ ಮೇಲೆ ಹೆಸರು ಬರೆಯುವವಳು ನಾನು. ಮೊದಲು ನಮ್ಮಪ್ಪ ಬರೆಯುತ್ತಿದ್ದ, ಅವನ ಕೈ ನಡುಗಲು ಶುರುವಾದ ಮೇಲೆ ಬ್ರಷ್ಷು ನನ್ನ ಕೈಗೆ ಬಂತು. ಹೆಸರು ಪದ್ಮಾವತಿ, ಎಲ್ಲರೂ ಕರೆಯುವುದು ಪದ್ದಕ್ಕ ಅಂತ. ಸೀರೆ ಎತ್ತಿಕಟ್ಟಿ ಏಣಿ ಹತ್ತುವ ಹೆಂಗಸು ಅಂತ ಮೊದಮೊದಲು ಜನ ಹಲ್ಲುಕಿರಿದರು. ಕಿರಿಯಲಿ ಬಿಡಿ, ಅದಕ್ಕೆಲ್ಲ ತಲೆ ಕೆಡಿಸಿಕೊಂಡರೆ ಅಕ್ಷರ ಸೊಟ್ಟಗಾಗುತ್ತದೆ. ಈಗ ನನ್ನ ಕೈ ತಾಗದ ಕಮಾನು ಈ ಊರಲ್ಲಿ ಹುಡುಕಿದರೂ ಸಿಗುವುದಿಲ್ಲ.

ಕೆಲಸ ಬಣ್ಣದ್ದೇ, ಆದರೆ ಮೈಯೆಲ್ಲ ಕಣ್ಣಾಗಿ ಮಾಡಬೇಕಾದದ್ದು. ಯಾಕೆಂದರೆ ನಮ್ಮಲ್ಲಿ ಕಮಾನಿನ ಮೇಲೆ ಬರೆದ ಹೆಸರು ಒಣಗಿದ ಕೂಡಲೇ ನಿಜವಾಗುತ್ತದೆ. ಹಸಿ ಇರುವವರೆಗೆ ಏನೂ ಇಲ್ಲ, ಬಟ್ಟೆಗೆ ಟರ್ಪೆಂಟೈನ್ ಹಾಕಿ ಒರೆಸಿದರೆ ಹೋಯಿತು. ಒಣಗಿತೋ, ಮುಗಿಯಿತು ಕತೆ. ಆಮೇಲೆ ಕೆರೆದರೂ ಅಷ್ಟೇ, ಕಮಾನನ್ನೇ ಕೆಡವಿದರೂ ಅಷ್ಟೇ. ಹೀಗಿರುವಾಗ ಬಿಲ್ಡರುಗಳು ಹುಷಾರಾಗಿ ಹೆಸರಿಡುತ್ತಾರೆ ಅಂದುಕೊಂಡಿರಾ? ಎಲ್ಲಿಯ ಮಾತು! ಒಬ್ಬ ಕೋಗಿಲೆ ಗಾರ್ಡನ್ ಅಂತ ಬರೆಸಿದ, ಅಲ್ಲಿಯ ಜನ ಚೈತ್ರದಿಂದ ಫಾಲ್ಗುಣದವರೆಗೆ ಕಿವಿಗೆ ಹತ್ತಿ ಇಟ್ಟುಕೊಂಡೇ ಮಲಗುತ್ತಾರೆ. ಇನ್ನೊಬ್ಬ ಗ್ರೀನ್ ವ್ಯಾಲಿ ಅಂದ. ಅಂಗೈಯಷ್ಟು ಸಮನಾಗಿದ್ದ ನೆಲ ಮನೆಗಳ ಸಮೇತ ಮೆಲ್ಲಗೆ ಕೆಳಗಿಳಿದು ಕಣಿವೆಯಾಯಿತು, ಒಂದು ಗೋಡೆಯೂ ಬಿರುಕು ಬಿಡಲಿಲ್ಲ. ಆದರೆ ಅಲ್ಲಿಗೆ ಅಂದರೆ ಆಟೋದವರು ಇವತ್ತಿಗೂ ಮುಖ ತಿರುಗಿಸುತ್ತಾರೆ. ಲೇಕ್ ವ್ಯೂನಲ್ಲಿ ಎಲ್ಲರ ಮಹಡಿಯಿಂದಲೂ ಕೆರೆ ಕಾಣುತ್ತದೆ, ಕೊಡ ಹಿಡಿದು ಹೊರಟರೆ ಮಾತ್ರ ಎಷ್ಟು ನಡೆದರೂ ಸಿಗುವುದಿಲ್ಲ. ಕೇಳಿದರೆ ಬಿಲ್ಡರು, "ವ್ಯೂ ಅಂತ ತಾನೇ ಬರೆಸಿದ್ದು, ನೀರು ಕೊಡ್ತೀನಿ ಅಂದಿದ್ನಾ?" ಅಂದನಂತೆ. ಪ್ರಶಾಂತಿ ಎನ್‌ಕ್ಲೇವಿನಲ್ಲಿ ಸದ್ದೇ ಹುಟ್ಟುವುದಿಲ್ಲ. ಸಂಜೆ ಐದಕ್ಕೆ ಹೋಗಿ ನೋಡಿ, ಕಮಾನಿನ ಹೊರಗೆ ಏಳೆಂಟು ಗಂಡಹೆಂಡಿರ ಜೋಡಿ ನಿಂತು ಜಗಳ ಆಡುತ್ತಿರುತ್ತವೆ. ಮುಗಿಸಿಕೊಂಡು ಒಳಗೆ ಹೋಗಿ ಒಲೆ ಹಚ್ಚುತ್ತಾರೆ.

ನಗೆಯಾಡುತ್ತೇನೆ, ನಿಜ. ಆದರೆ ಇಪ್ಪತ್ತಾರು ವರ್ಷದಿಂದ ನೋಡುತ್ತಿದ್ದರೂ ಬಣ್ಣ ಒಣಗುವ ಆ ಹೊತ್ತಿಗೆ ನನಗೆ ಈಗಲೂ ಎದೆ ಡವಗುಟ್ಟುತ್ತದೆ. ಸಾಗರ ತೀರ ಅಂತ ಬರೆದ ಮಾರನೇ ಬೆಳಿಗ್ಗೆ ನಮ್ಮಪ್ಪನನ್ನು ಕೈಹಿಡಿದು ಕರೆದುಕೊಂಡು ಹೋಗಿದ್ದೆ. ಕಡಲನ್ನು ಕ್ಯಾಲೆಂಡರಿನಲ್ಲಿ ಮಾತ್ರ ನೋಡಿದ್ದ ಮನುಷ್ಯ. ಕೊನೆಯ ಅಡ್ಡರಸ್ತೆ ಮುಗಿದಲ್ಲಿ, ನಿನ್ನೆ ಜಾಲಿ ಗಿಡ ಇದ್ದ ಕಡೆ, ನೀರು ಉಸಿರಾಡುತ್ತಾ ಮಲಗಿತ್ತು. ಅಪ್ಪ ಚಪ್ಪಲಿ ಕಳಚಿ, ಎರಡೂ ಕೈ ಜೋಡಿಸಿ, "ಇದನ್ನ ನಾವು ಬರೆದ್ವಾ ಮಗಾ?" ಅಂತ ಕೇಳಿದ. ನಾನೂ ಚಪ್ಪಲಿ ಕಳಚಿದೆ.

ಇವುಗಳಲ್ಲಿ ಮುಕ್ಕಾಲು ಹೆಸರು ಇಟ್ಟವರು ಮರುಳಸಿದ್ದಪ್ಪ ಸಾಹುಕಾರರು. ಹನ್ನೊಂದು ಬಡಾವಣೆ ಮಾಡಿದವರು. ಬಿಳಿ ಅಂಗಿ, ಬಿಳಿ ಪಂಚೆ, ಹೆಗಲ ಮೇಲೊಂದು ಟವೆಲ್ಲು. ನೋಡುವುದಕ್ಕೆ ಅಕ್ಕಿ ಮಂಡಿ ಯಜಮಾನರು ಅನ್ನಬೇಕು, ಬಾಯಿಬಿಟ್ಟರೆ ಮಾತ್ರ ಹಿಮಾಲಯ, ಅಮೆಜಾನು, ಪ್ಯಾರಿಸ್ಸು. ಬರಿ ನೆಲದ ಮೇಲೆ ಅತ್ತಿಂದಿತ್ತ ಓಡಾಡುತ್ತಾ ಒಂದೊಂದೇ ಹೆಸರು ಗಟ್ಟಿಯಾಗಿ ಹೇಳಿಕೊಳ್ಳುತ್ತಿದ್ದರು. ಯಾವ ಹೆಸರಿಗೆ ತೋಳಿನ ಮೇಲಿನ ಕೂದಲು ನಿಮಿರುತ್ತದೋ ಅದೇ ಥೀಮು. ತೋಳನ್ನು ನನಗೂ ತೋರಿಸುವರು, "ನೋಡು ಪದ್ದಮ್ಮ, ಎದ್ದಿತು!" ಅಂತ. ಹಾಗೆ ಎದ್ದದ್ದೇ ಲಿಟ್ಲ್ ಸ್ವಿಟ್ಜರ್‌ಲೆಂಡ್. ಅಲ್ಲಿ ಹಾಲಿನವನು ಕಮಾನು ದಾಟುವಾಗ ಮಂಕಿ ಟೋಪಿ ಹಾಕಿಕೊಳ್ಳುತ್ತಾನೆ, ಹೊರಗೆ ಬರುವಾಗ ತೆಗೆದು ಜೇಬಿಗಿಡುತ್ತಾನೆ. ಹಪ್ಪಳ ಒಣಗಿಸಲು ಹೆಂಗಸರು ಪಕ್ಕದ ಬಡಾವಣೆಯ ತಾರಸಿಗೆ ಹೋಗಬೇಕು.

ಸಾಹುಕಾರರ ಜೀಪಿನಲ್ಲಿ ಯಾವಾಗಲೂ ಅವರ ಹೆಂಡತಿ ಚೆನ್ನಾಜಮ್ಮ ಬರುತ್ತಿದ್ದರು. ಮಕ್ಕಳಿರಲಿಲ್ಲ, ಮನೆಯಲ್ಲಿ ಒಬ್ಬರೇ ಕೂತು ಏನು ಮಾಡುವುದು ಅಂತ ಗಂಡನ ಜೊತೆ ಸೈಟಿಗೆ ಬಂದು, ಯಾವುದಾದರೂ ಗಿಡದ ನೆರಳಲ್ಲಿ ಬುತ್ತಿ ಗಂಟು ಇಟ್ಟುಕೊಂಡು ಕೂರುವರು. ನಾನು ಬೊಂಬು ಕಟ್ಟಿದ ಸಾರುವೆ ಮೇಲಿದ್ದರೆ ಕೆಳಗಿಂದಲೇ ದಬಾಯಿಸುವರು: "ಪದ್ದು, ಇಳಿ ಕೆಳಗೆ. ಉಂಡು ಹತ್ತು. ಅಕ್ಷರ ಎಲ್ಲಿಗೂ ಓಡಿಹೋಗಲ್ಲ." ಗಂಡ ಇಡುವ ಹೆಸರುಗಳ ಮೇಲೆ ಅವರಿಗೆ ಒಂಚೂರೂ ನಂಬಿಕೆ ಇರಲಿಲ್ಲ. ಆ ಸ್ವಿಟ್ಜರ್‌ಲೆಂಡಿನಲ್ಲಿ ಮೊದಲು ಹಿಮ ಬಿದ್ದ ದಿನ ಇಡೀ ಊರು ಕುಣಿಯುತ್ತಿದ್ದರೆ ಇವರು ನನ್ನ ಕಿವಿಯಲ್ಲಿ, "ಅಲ್ಲ ಪದ್ದು, ಇಲ್ಲಿ ಬಾಣಂತಿಗೆ ನೀರು ಕಾಯಿಸೋದು ಎಷ್ಟು ಕಷ್ಟ ಅಂತ ಇವರು ಯೋಚನೆ ಮಾಡಿದಾರಾ?" ಅಂದಿದ್ದರು. ಮಾರನೇ ದಿನವೇ ನಾಲ್ಕು ಮನೆಗೆ ಬೆರಣಿ ಹೊರಿಸಿಕೊಂಡು ಹೋಗಿ ಕೊಟ್ಟು ಬಂದರು. ಅಂಥ ಹೆಂಗಸು ಹೋದ ವರ್ಷ ಬೇಸಿಗೆಯ ಶುರುವಿಗೆ ಮೂರೇ ದಿನದ ಜ್ವರದಲ್ಲಿ ಹೋಗಿಬಿಟ್ಟರು. ನಾನು ಮಣ್ಣಿಗೆ ಹೋಗಿದ್ದೆ. ಸಾಹುಕಾರರು ಅಳಲಿಲ್ಲ, ಹೆಗಲ ಟವೆಲ್ಲನ್ನು ಕೈಯಲ್ಲಿ ಹಿಂಡುತ್ತಾ ನಿಂತಿದ್ದರು.

ಆಗ ಅವರ ಹನ್ನೆರಡನೇ ಬಡಾವಣೆ ಮುಗಿಯುತ್ತಾ ಬಂದಿತ್ತು. ಇನ್ನೂರು ಮನೆ. ಜನ ಒಕ್ಕಲಾದರು, ಕಮಾನು ಎದ್ದಿತು, ಹೆಸರು ಮಾತ್ರ ಇಲ್ಲ. ಏಳು ತಿಂಗಳು ಅದು ಬೋಳು ಹಣೆಯ ಕಮಾನಾಗಿಯೇ ನಿಂತಿತ್ತು. ಕಾಗದ ಬರುತ್ತಿರಲಿಲ್ಲ, ನೆಂಟರಿಗೆ ಗುರುತು ಹೇಳಲು ಬರುತ್ತಿರಲಿಲ್ಲ. ಅಲ್ಲಿ ಎರಡನೇ ಅಡ್ಡರಸ್ತೆಯಲ್ಲಿ ಶಕೀಲಾ ಅಂತ ಸರ್ಕಾರಿ ಶಾಲೆಯ ಟೀಚರ್ ಇದ್ದಾರೆ, ಬಡಾವಣೆ ಸಂಘಕ್ಕೆ ಅಧ್ಯಕ್ಷೆಯೂ ಅವರೇ. ಮಾರ್ಕೆಟ್ಟಿನಲ್ಲಿ ಸಿಕ್ಕಾಗೆಲ್ಲ, "ಪದ್ದಕ್ಕ, ನಮ್ಮದು ಯಾವಾಗ? ನವಿಲೋ ನರಿಯೋ ಏನೋ ಒಂದು ಬಂದುಬಿಡ್ಲಿ, ಹೊಂದಿಕೊಳ್ತೀವಿ" ಅಂತ ಗೋಗರೆಯುತ್ತಿದ್ದರು.

ಒಂದು ಮಧ್ಯಾಹ್ನ ಸಾಹುಕಾರರು ನಮ್ಮ ಮನೆ ಬಾಗಿಲಿಗೇ ಬಂದರು. ಯಾವತ್ತೂ ಹಾಗೆ ಬಂದವರಲ್ಲ, ಹೇಳಿ ಕಳಿಸುವವರು. ಒಳಗೆ ಕರೆದರೂ ಬರದೆ ಹೊಸ್ತಿಲಾಚೆಯೇ ನಿಂತು, "ಪದ್ದಮ್ಮ, ಹೆಸರು ಬರೀಬೇಕು" ಅಂದರು. ನಾನು ವಾತಾವರಣ ಹಗುರ ಮಾಡೋಣ ಅಂತ, "ಯಾವ ಥೀಮು ಸಾಹುಕಾರ್ರೇ ಈ ಸಲ? ಪ್ಯಾರಿಸ್ಸೋ, ಅಮೆಜಾನ್ ಕಾಡೋ?" ಅಂದೆ. ಅವರು ನೆಲ ನೋಡುತ್ತಾ, "ಅವಳ ಹೆಸರು" ಅಂದರು.

ಈ ಊರಲ್ಲಿ ಕಮಾನಿಗೆ ಮನುಷ್ಯರ ಹೆಸರು ಬರೆಯುವುದಿಲ್ಲ. ನಮ್ಮಜ್ಜನ ಕಾಲದಲ್ಲಿ ಒಬ್ಬಾತ ಬರೆಸಿದ್ದನಂತೆ, ತನ್ನದೇ ಹೆಸರನ್ನು, ಬದುಕಿರುವಾಗಲೇ. ಬಣ್ಣ ಒಣಗಿದ ದಿನದಿಂದ ಅಲ್ಲಿಯ ರಸ್ತೆಯಲ್ಲಿ ಗಾಡಿ ಹೋದರೆ ಅವನ ಬೆನ್ನು ನೋಯುತ್ತಿತ್ತು. ಕೊಳಾಯಿಗೆ ಅಂತ ನೆಲ ಅಗೆದಾಗ ಮನೆಯಲ್ಲಿ ಮಲಗಿದ್ದವನು ಅಯ್ಯೋ ಅಂತ ಕೂಗಿದ್ದು ಇಡೀ ಊರಿಗೆ ಕೇಳಿಸಿತಂತೆ. ಯಾರೂ ಹೇಳದೆಯೇ ಅಲ್ಲಿಯ ಜನ ಬರಿಗಾಲಲ್ಲಿ ನಡೆಯತೊಡಗಿದರು, ಒಲೆಯನ್ನು ಕಲ್ಲಿನ ಮೇಲೆ ಎತ್ತರಿಸಿ ಹಚ್ಚಿದರು, ಕೊನೆಗೆ ಅವನ ಮೇಲಿನ ಮರುಕಕ್ಕೆ ಒಬ್ಬೊಬ್ಬರಾಗಿ ಮನೆ ಖಾಲಿ ಮಾಡಿದರು. ಆತ ಸತ್ತು ಎಷ್ಟೋ ವರ್ಷವಾಯಿತು. ಈಗಲೂ ಆ ಖಾಲಿ ನೆಲ ದಾಟುವವರು ಚಪ್ಪಲಿ ಕೈಯಲ್ಲಿ ಹಿಡಿದುಕೊಳ್ಳುತ್ತಾರೆ. ನಾನೂ ಹಿಡಿದುಕೊಳ್ಳುತ್ತೇನೆ.

"ಬೇಡ ಸಾಹುಕಾರ್ರೇ. ಹೋದವರ ಹೆಸರು ಬರೆದ್ರೆ ಏನಾಗುತ್ತೋ ಯಾರಿಗೂ ಗೊತ್ತಿಲ್ಲ. ನಾಳೆ ಯಾರೋ ಪಿಕಾಸಿ ಎತ್ತಿ ಹೊಡೀತಾರೆ. ಆಯಮ್ಮನಿಗೆ ನೋವಾದ್ರೆ?" ಅಂದೆ. ಅವರು ಟವೆಲ್ಲು ಕೊಡವಿಕೊಂಡು ಹೊರಟೇಹೋದರು.

ಬಿಟ್ಟರು ಅಂದುಕೊಂಡೆ. ಎಲ್ಲಿ ಬಿಡುತ್ತಾರೆ! ಒಂದು ತಿಂಗಳಾದ ಮೇಲೆ ಬಂದು ನನ್ನನ್ನು ಜೀಪಿನಲ್ಲಿ ಕೂರಿಸಿಕೊಂಡು ಹೋದರು. ಮುಂದೆ ಎಂದಾದರೂ ಅಗೆಯಬೇಕಾಗಿ ಬರಬಹುದಾದ ಪ್ರತಿಯೊಂದನ್ನೂ ಮೊದಲೇ ಅಗೆಸಿ ಮುಗಿಸಿದ್ದರು. ಚರಂಡಿ, ಕೇಬಲ್ಲು, ಬೋರು, ದೀಪದ ಕಂಬ. ಮೋರಿ ರಿಪೇರಿಗೆ ನೆಲ ಒಡೆಯಬೇಕಾಗದ ಹಾಗೆ ಮಾರಿಗೊಂದು ಮುಚ್ಚಳ. ಮದುವೆ ಮುಂಜಿಗೆ ಶಾಮಿಯಾನ ಹಾಕುವಾಗ ಗೂಟ ಹೊಡೆಯುತ್ತಾರಲ್ಲ, ಅದಕ್ಕೂ ಗುಂಡಿ ತೋಡಿಸಿ ಕಬ್ಬಿಣದ ಕೊಳವೆ ಹುಗಿಸಿಟ್ಟಿದ್ದರು. "ಇನ್ನು ಒಂದು ಮೊಳೆಯೂ ನೆಲಕ್ಕೆ ಹೊಡಿಯೋ ಹಂಗಿಲ್ಲ ಪದ್ದಮ್ಮ, ಎಲ್ಲಾ ಮನೆಯೋರೂ ಒಪ್ಪಿದಾರೆ" ಅಂದರು. ಹೆಂಡತಿಗೆ ಕಾಲುನೋವು ಅಂತ ಒಂದು ದಿನವೂ ಎಣ್ಣೆ ತಂದುಕೊಟ್ಟವರಲ್ಲ, ಆ ಮನುಷ್ಯ ಅವಳಿಗೆ ಗೂಟದ ನೋವಾಗಬಾರದು ಅಂತ ಇನ್ನೂರು ಕೊಳವೆ ಹುಗಿಸಿದ್ದಾರೆ. ಶಕೀಲಾ ಟೀಚರ್ ಕೂಡ ಬಂದಿದ್ದರು. "ಬರೀರಿ ಪದ್ದಕ್ಕ. ಹಿಮಕ್ಕಿಂತ, ಕೋಗಿಲೆಗಿಂತ ಒಬ್ಬ ಹೆಂಗಸು ಬಂದ್ರೆ ವಾಸಿ" ಅಂದರು.

ನಾನೊಂದು ಮಾತು ಮಾತ್ರ ಬಿಡಿಸಿ ಹೇಳಿದೆ. "ಇಷ್ಟು ವರ್ಷ ಬಂದಿದ್ದೆಲ್ಲ ಬಡಾವಣೆಗೆ ಬಂದಿದೆ ಸಾಹುಕಾರ್ರೇ, ಒಬ್ಬರ ಪಾಲಿಗಲ್ಲ. ಆಯಮ್ಮ ಬಂದ್ರೂ ಇನ್ನೂರು ಮನೆಗೂ ಬರ್ತಾರೆ." ಅವರು ಮೂರನೇ ಅಡ್ಡರಸ್ತೆಯ ಒಂದು ಸಣ್ಣ ಮನೆ ತೋರಿಸಿ, "ಅದೊಂದು ನನಗೆ ಅಂತ ಇಟ್ಕೊಂಡಿದೀನಿ. ಇನ್ನೂರರಲ್ಲಿ ಒಂದು ಪಾಲು ಬಂದ್ರೂ ಸಾಕು" ಅಂದರು. ಒಪ್ಪಿಕೊಂಡೆ.

ನಮ್ಮ ಕೆಲಸದಲ್ಲಿ ಒಂದು ಪದ್ಧತಿ ಇದೆ. ಬರೆಯುವ ದಿನ ಯಜಮಾನರು ಕಮಾನಿನ ಕೆಳಗೆ ನಿಂತು ಹೆಸರನ್ನು ಗಟ್ಟಿಯಾಗಿ ಕೂಗಬೇಕು, ಅದನ್ನು ಕೇಳಿ ನಾನು ಮೇಲೆ ಬರೆಯಬೇಕು. ಕೂಗದೆ ಬರೆಯಬಾರದು ಅಂತ ನಮ್ಮಪ್ಪ ಬ್ರಷ್ಷು ಕೊಡುವಾಗಲೇ ಹೇಳಿದ್ದ. ಯಾಕಪ್ಪಾ ಅಂದರೆ, "ಬರೆಯೋದು ನಮ್ಮ ಕೈ. ಬರೋದು ಮಾತ್ರ ಕರೆದವರಿಗೆ" ಅಂದಿದ್ದ. ಸಾಹುಕಾರರು ಹನ್ನೊಂದು ಸಲ ಕೂಗಿದವರು. ಹಿಮಾಲಯ ಹೈಟ್ಸ್ ಅಂತ ಕೂಗಿದ್ದು ಬಸ್ ಸ್ಟ್ಯಾಂಡಿನವರೆಗೆ ಕೇಳಿಸಿತ್ತು. ಆ ದಿನ ನಾನು ಸಾರುವೆ ಹತ್ತಿ, ದಾರ ಹಿಡಿದು ಗೆರೆ ಹಾಕಿ, ಎಲೆಹಸಿರು ಬಣ್ಣಕ್ಕೆ ಬ್ರಷ್ಷು ಅದ್ದಿ, "ಹೂಂ, ಕೂಗಿ" ಅಂದೆ. ಸದ್ದಿಲ್ಲ. ಬಗ್ಗಿ ನೋಡಿದೆ. ಬಾಯಿ ತೆರೆದಿದೆ, ಕುತ್ತಿಗೆಯ ನರ ಉಬ್ಬಿದೆ, ಮಾತು ಹೊರಡುತ್ತಿಲ್ಲ. ಕಿವಿ ಕೆಂಪಗಾಗಿ, ಮದುವೆ ಗಂಡಿನ ಹಾಗೆ ನಾಚಿಕೊಂಡು ನಿಂತಿದ್ದಾರೆ.

"ಏನಾಯ್ತು ಸಾಹುಕಾರ್ರೇ?" "ಕರೆದೇ ಇಲ್ಲ ಕಣಮ್ಮ ಯಾವತ್ತೂ. ಮೂವತ್ತನಾಲ್ಕು ವರ್ಷ ಲೇ ಅಂದೆ, ಇವಳೇ ಅಂದೆ. ಮಗು ಒಂದು ಇದ್ದಿದ್ರೆ ಅದರವ್ವಾ ಅಂತಾದ್ರೂ ಕರೀತಿದ್ನೇನೋ. ಹೆಸರು ನಾಲಿಗೆಗೇ ಬರ್ತಿಲ್ಲ." ಜೇಬಿನಿಂದ ರೇಷನ್ ಕಾರ್ಡಿನ ಜೆರಾಕ್ಸ್ ತೆಗೆದು ಮೇಲಕ್ಕೆ ಚಾಚಿದರು. "ಇದರಲ್ಲಿದೆ. ನೋಡ್ಕೊಂಡು ಬರಿ." ಬಿಸಿಲು ಏರುತ್ತಿತ್ತು, ಜನ ಸೇರಿದ್ದರು, ಅಷ್ಟು ದೊಡ್ಡ ಮನುಷ್ಯ ಅವರೆಲ್ಲರೆದುರು ಒದ್ದಾಡುವುದನ್ನು ನನಗೆ ನೋಡಲಾಗಲಿಲ್ಲ. ಹೋಗಲಿ, ಹೆಸರು ನನಗೇನು ಗೊತ್ತಿಲ್ಲವೇ ಅಂತ, ಕಾರ್ಡನ್ನೂ ಇಸಿದುಕೊಳ್ಳದೆ ಬರೆದುಬಿಟ್ಟೆ. ಚೆನ್ನಾಜಮ್ಮ ಬಡಾವಣೆ. ಕೆಳಗೆ ಸೇರಿದ್ದವರೆಲ್ಲ ಅದನ್ನು ಗಟ್ಟಿಯಾಗಿ ಓದಿಕೊಂಡರು, ಸಾಹುಕಾರರೊಬ್ಬರನ್ನು ಬಿಟ್ಟು. ನನ್ನ ಜೀವಮಾನದಲ್ಲಿ ಅಷ್ಟು ದುಂಡಗೆ ಬರೆದದ್ದಿಲ್ಲ. ಅಷ್ಟು ದೊಡ್ಡ ತಪ್ಪನ್ನೂ ಮಾಡಿದ್ದಿಲ್ಲ.

ಮಾರನೇ ದಿನ ಬೆಳಕು ಹರಿಯುವ ಮೊದಲೇ ಹೋಗಿದ್ದೆ. ಹೊಸದಾಗಿ ಏನೂ ಕಾಣಲಿಲ್ಲ. ಬೆಟ್ಟವಿಲ್ಲ, ನೀರಿಲ್ಲ, ಹಕ್ಕಿಯಿಲ್ಲ. ಆಮೇಲೆ ಒಂದೊಂದೇ ಬಾಗಿಲು ತೆರೆಯಿತು. ಹೊರಬಂದವರೆಲ್ಲ ಹಾಗೇ ಹೊಸ್ತಿಲಲ್ಲಿ ನಿಂತರು. ರಾತ್ರಿ ಹೇಗೆಂದರೆ ಹಾಗೆ ಬಿಸುಟಿದ್ದ ಚಪ್ಪಲಿಗಳು ಆ ಮನೆಗಳ ಮುಂದೆಲ್ಲ ಜೋಡಿ ಜೋಡಿಯಾಗಿ, ಮುಖ ಹೊರಗೆ ಮಾಡಿಕೊಂಡು, ಮೆಟ್ಟಿ ಹೊರಡುವುದಕ್ಕೆ ಅನುಕೂಲವಾಗಿ ಕೂತಿದ್ದವು. ಯಾರೋ ನಕ್ಕರು. ಆಮೇಲೆ ನಗು ನಿಂತಿತು. ಶಿವನೇ, ಆ ನೆಲ! ಕಾಲಿಟ್ಟರೆ ಆಗಷ್ಟೇ ಒಲೆ ಆರಿಸಿದ ಅಡುಗೆಮನೆಯ ಹಾಗೆ ಬೆಚ್ಚಗಿತ್ತು. ನಾನು ಬರಿಗಾಲಲ್ಲಿ ನಾಲ್ಕು ರಸ್ತೆ ಸುತ್ತಿದೆ. ವಾಪಸು ಬಂದು ಸಾರುವೆ ಬಿಚ್ಚೋಣ ಅಂತ ನೋಡಿದರೆ, ಐದು ವರ್ಷದಿಂದ ಕುಂಟುತ್ತಿದ್ದ ನನ್ನ ಏಣಿಯ ಕಾಲಿಗೆ ಯಾರೋ ಸರಿಯಾದ ಅಳತೆಯ ಒಂದು ಕಲ್ಲು ಒತ್ತು ಕೊಟ್ಟಿದ್ದರು. ಅಲ್ಲೇ ಕೂತು ಅತ್ತುಬಿಟ್ಟೆ.

ವಾರದೊಳಗೆ ಜನ ಹೊಂದಿಕೊಂಡರು. ಜ್ವರ ಬಂದ ಮಗುವಿನ ಹಣೆ ತಾನಾಗಿಯೇ ತಂಪಾಗುತ್ತಿತ್ತು. ತೊಟ್ಟಿಕ್ಕುವ ನಲ್ಲಿ ತಾನೇ ಬಿಗಿಯಾಗುತ್ತಿತ್ತು. ತಟ್ಟೆಯಲ್ಲಿ ಅನ್ನ ಬಿಟ್ಟು ಎದ್ದರೆ ಮಾತ್ರ ಕೈ ತೊಳೆಯಲು ನೀರು ಬರುತ್ತಿರಲಿಲ್ಲ, ಮತ್ತೆ ಕೂತು ಮುಗಿಸಬೇಕು. ಶಕೀಲಾ ಟೀಚರ್ ನನ್ನ ಕೈ ಹಿಡಿದುಕೊಂಡು ಹೇಳಿದರು: "ಸ್ಟೋವ್ ಮೇಲೆ ಹಾಲಿಟ್ಟು ಸ್ಕೂಲಿಗೆ ಹೊರಟುಬಿಟ್ಟಿದ್ದೆ ಪದ್ದಕ್ಕ. ಬಸ್ಸಲ್ಲಿ ನೆನಪಾಯ್ತು, ಜೀವ ಬಾಯಿಗೆ ಬಂತು. ಚೆನ್ನಾಜಮ್ಮ, ಒಂಚೂರು ನೋಡಮ್ಮಾ ಅಂದೆ. ಸಂಜೆ ಬಂದು ನೋಡ್ತೀನಿ, ಸ್ಟೋವ್ ಆರಿದೆ, ಹಾಲಿನ ಮೇಲೆ ತಟ್ಟೆ ಮುಚ್ಚಿದೆ. ಯಾ ಅಲ್ಲಾ, ನನ್ನ ಸ್ವಂತ ಅಮ್ಮಿ ಹೋದ ಮೇಲೆ ಹಿಂಗೆ ಯಾರೂ ನೋಡ್ಕೊಂಡಿರಲಿಲ್ಲ." ಹೀಗೆ ದಿನಕ್ಕೆ ನೂರು ಬಾಯಲ್ಲಿ ಆ ಹೆಸರು. ಆಫೀಸಿಗೆ ಹೊರಡುವವರು ಕಮಾನಿನ ಕೆಳಗೆ, "ಚೆನ್ನಾಜಮ್ಮ, ಬರ್ತೀವಿ" ಅನ್ನುವರು. ಸೊಪ್ಪಿನವಳು ಬುಟ್ಟಿ ಇಳಿಸುವಾಗ, "ಚೆನ್ನಾಜಮ್ಮಾ, ಕೈ ಹಚ್ಚು ತಾಯಿ" ಅನ್ನುವಳು, ಬುಟ್ಟಿ ಹಗುರಾಗುವುದು.

ಮೂರನೇ ಅಡ್ಡರಸ್ತೆಯ ಆ ಸಣ್ಣ ಮನೆಗೆ ಮಾತ್ರ ಏನೂ ಬರಲಿಲ್ಲ. ಅಲ್ಲಿಯ ನೆಲ ತಣ್ಣಗಿತ್ತು. ಅಲ್ಲಿಗೆ ಬಂದು ಸೇರಿದ್ದ ಸಾಹುಕಾರರು ಹಗಲೂ ರಾತ್ರಿ ಬಾಗಿಲು ತೆರೆದಿಟ್ಟರು. ಬೇಕೆಂದೇ ಒಂದು ಚಪ್ಪಲಿ ಮೆಟ್ಟಿಲ ಮೇಲೆ, ಇನ್ನೊಂದು ಗೇಟಿನ ಹತ್ತಿರ ಬಿಟ್ಟು ಮಲಗುವರು. ಬೆಳಿಗ್ಗೆ ಎದ್ದರೆ ಬಿಟ್ಟಲ್ಲೇ ಇರುತ್ತಿದ್ದವು, ಮೇಲೊಂದು ಪದರ ಧೂಳು. ಊಟದ ಗೊಡವೆ ಬಿಟ್ಟು ಬಾಳೆಹಣ್ಣು, ಬನ್ನಿನಲ್ಲೇ ದಿನ ತಳ್ಳುತ್ತಿದ್ದರು. ಅವರು ರಸ್ತೆಗೆ ಬಂದರೆ ಜನ ಮಾತು ನಿಲ್ಲಿಸುವರು. ತಮಗೆ ಸಿಕ್ಕಿದ್ದನ್ನು ಅವರೆದುರು ಹೇಗೆ ಹೇಳಿಕೊಳ್ಳುವುದು? ಕದ್ದ ಮಾಲು ಮನೆಯಲ್ಲಿಟ್ಟುಕೊಂಡವರ ಹಾಗೆ ಉಳಿದ ಮನೆಯವರೆಲ್ಲ ತಲೆ ತಗ್ಗಿಸುತ್ತಿದ್ದರು.

ಒಂದು ಶುಕ್ರವಾರ ಶಕೀಲಾ ಟೀಚರ್ ಹೇಳಿ ಕಳಿಸಿದರು: ಸಾಹುಕಾರರು ಬೆಳಿಗ್ಗೆಯಿಂದ ಪೆಟ್ಟಿಗೆ ಕಟ್ಟುತ್ತಿದ್ದಾರೆ, ಬೇಗ ಬನ್ನಿ. ಓಡಿದೆ. ಪಡಸಾಲೆಯಲ್ಲಿ ಪೆಟ್ಟಿಗೆ ಮುಂದೆ ಕೂತಿದ್ದರು. "ನಾಳೆ ಸಂಜೆ ಬಸ್ಸಿಗೆ ತಂಗಿ ಊರಿಗೆ ಹೋಗಿಬಿಡ್ತೀನಿ ಪದ್ದಮ್ಮ. ಇಲ್ಲಿ ಇದ್ದು ನೋಡೋಕಾಗಲ್ಲ. ಎಲ್ಲರ ಮನೆಗೂ ಹೋಗ್ತಾಳೆ, ನನ್ನ ಹೊಸ್ತಿಲು ಮಾತ್ರ ತುಳಿಯಲ್ಲ. ಅಂಥ ತಪ್ಪು ನಾನೇನು ಮಾಡಿದೆ? ಹೊಡೆದವನಲ್ಲ, ಬೈದವನಲ್ಲ."

"ತಪ್ಪು ನಂದು ಸಾಹುಕಾರ್ರೇ. ನೀವು ಕೂಗದೇ ನಾನು ಬರೆದೆ. ಬರೋದು ಕರೆದವರಿಗೆ. ಇಡೀ ಬಡಾವಣೆ ದಿನಾ ಆಯಮ್ಮನ್ನ ಹೆಸರು ಹಿಡಿದು ಕರೀತಿದೆ. ನೀವೊಬ್ಬರೇ ಕರೆದಿಲ್ಲ." "ಕರೆದೆನಲ್ಲ! ಮೂಲೆ ಮೂಲೆಗೂ ನಿಂತು ಕರೆದೆ." "ಏನಂತ?" "ಲೇ ಅಂತ." ನನಗೆ ಸಿಟ್ಟು ಬಂತು, ಸುಳ್ಳು ಯಾಕೆ ಹೇಳಲಿ. "ಲೇ ಅಂದ್ರೆ ಯಾರು ಬರ್ತಾರೆ ಸಾಹುಕಾರ್ರೇ? ಅದೇನು ಒಬ್ಬರ ಹೆಸರಾ?" ಅಂದುಬಿಟ್ಟೆ. ಅವರು ನನ್ನನ್ನೇ ನೋಡಿದರು. ಕಣ್ಣು ತುಂಬಿಕೊಂಡಿತ್ತು. "ಅವಳು ಬರ್ತಿದ್ಲು" ಅಂದರು. "ಮೂವತ್ತನಾಲ್ಕು ವರ್ಷ ಬಂದ್ಲಲ್ಲ ಪದ್ದಮ್ಮ. ಲೇ ಅಂದ್ರೆ ಬರ್ತಿದ್ಲು." ನನ್ನ ಸಿಟ್ಟು ಎಲ್ಲಿ ಹೋಯಿತೋ. ಪಕ್ಕದಲ್ಲಿ ಕೂತು, ಪೆಟ್ಟಿಗೆಯಿಂದ ಜಾರಿದ್ದ ಒಂದು ಪಂಚೆಯನ್ನು ಮಡಚಿಟ್ಟೆ. ಏಳುವಾಗ ನಾನು, "ಬಸ್ಸು ಸಂಜೆಗೆ ತಾನೇ? ನಾಳೆ ಮಧ್ಯಾಹ್ನ ಕಮಾನಿನ ಹತ್ರ ಬನ್ನಿ. ಒಂದೇ ಸಲ ಕರೀರಿ. ಬರದಿದ್ರೆ ನಾನೇ ನಿಮ್ಮ ಪೆಟ್ಟಿಗೆ ಬಸ್ಸಿಗೆ ಹಾಕ್ತೀನಿ" ಅಂದೆ.

ಶನಿವಾರ ಮಧ್ಯಾಹ್ನ ಒಂದು ಗಂಟೆ. ಶಾಲೆಗೆ ಅರ್ಧ ದಿನ, ಶಕೀಲಾ ಟೀಚರ್ ಬಂದಿದ್ದರು. ಯಾರಿಗೂ ಹೇಳಿರಲಿಲ್ಲ, ಆದರೂ ಎಲ್ಲ ಬಾಗಿಲಲ್ಲೂ ಜನ. ಸಾಹುಕಾರರು ಕಮಾನಿನ ಕೆಳಗೆ ಬಡಾವಣೆಗೆ ಮುಖ ಮಾಡಿ ನಿಂತರು. ಕೆಮ್ಮಿದರು. ಟವೆಲ್ಲಿನಿಂದ ಮುಖ ಒರೆಸಿದರು. ಬಾಯಿ ತೆರೆದರು, ಮುಚ್ಚಿದರು. "ಇವಳೇ..." ಅಂದರು. ತಲೆಯಾಡಿಸಿಕೊಂಡರು. ಹಿಮಾಲಯವನ್ನು ಕರೆದು ತರಿಸಿದ ಗಂಟಲು ಕಣ್ರೀ ಅದು, ಒಂದು ಹೆಂಗಸಿನ ಹೆಸರಿಗೆ ಬೆವರುತ್ತಿತ್ತು. ಸಾಕು ಬಿಡಿ ಅಂತ ಹೇಳಲು ನಾನು ಒಂದು ಹೆಜ್ಜೆ ಮುಂದಿಟ್ಟಿದ್ದೆ. ಆಗ ಅವರು ಕಣ್ಣು ಮುಚ್ಚಿಕೊಂಡು, ಕೂಗಲಿಲ್ಲ, ಪಕ್ಕದಲ್ಲಿದ್ದವರಿಗೆ ಹೇಳುವಷ್ಟು ಮೆಲ್ಲಗೆ, "ಚೆನ್ನಾಜಿ" ಅಂದರು.

ಗಾಳಿ ಇರಲಿಲ್ಲ. ಆದರೂ ಇನ್ನೂರು ಮನೆಯ ಕಿಟಕಿಗಳೆಲ್ಲ ಒಂದೇ ಸಲ ತೆರೆದುಕೊಂಡವು. ನಾವು ನಿಂತಿದ್ದ ರಸ್ತೆ, ಮಲಗಿದ್ದವರು ಎಚ್ಚರಾದಾಗ ಎದೆ ಏರುತ್ತದಲ್ಲ ಹಾಗೆ, ಒಂದಿಷ್ಟು ಮೇಲೆದ್ದು ಇಳಿಯಿತು. ನಾನು ಶಕೀಲಾ ಟೀಚರ್ ಕೈ ಗಟ್ಟಿಯಾಗಿ ಹಿಡಿದುಕೊಂಡೆ. ಆಮೇಲೆ ಒಂದು ದನಿ ಬಂತು. ಅದುವರೆಗೆ ಆ ಬಡಾವಣೆಯಲ್ಲಿ ಯಾರೂ ದನಿ ಕೇಳಿರಲಿಲ್ಲ. ಎಲ್ಲ ಹೊಸ್ತಿಲುಗಳಿಂದಲೂ, 'ಯಾಕೆ ಇಷ್ಟು ತಡ?' ಅನ್ನುವ ಹಾಗೆ, ದನಿ ಕೇಳಿತು.

"ಏನ್ರೀ?"

ಅಬ್ಬಾ, ಆ ದನಿ. ನನ್ನ ಮೈಮೇಲಿನ ಕೂದಲೆಲ್ಲ ನಿಂತಿತು. ಸೊಪ್ಪಿನವಳು ಬುಟ್ಟಿ ಕೆಳಗಿಟ್ಟು ನೆಲಕ್ಕೆ ಹಣೆ ಹಚ್ಚಿದಳು. ಸಾಹುಕಾರರು ಮಾತ್ರ ದಿಕ್ಕು ತೋಚದೆ ನಿಂತರು. ಕರೆಯುವುದಕ್ಕೇ ಅಷ್ಟು ಕಷ್ಟಪಟ್ಟವರು, ಬಂದರೆ ಏನು ಹೇಳಬೇಕು ಅಂತ ಯೋಚಿಸಿರಲಿಲ್ಲ. ಬಾ ಅನ್ನಲಿಲ್ಲ, ಯಾಕೆ ಹೋದೆ ಅನ್ನಲಿಲ್ಲ. ಬಹಳ ಹೊತ್ತು ತಡವರಿಸಿ, ಕೊನೆಗೆ ಕೇಳಿದರು: "ನಿಂದು ಊಟ ಆಯ್ತಾ?"

"ನಿಮ್ಮದಾಗ್ಲಿ" ಅಂದಿತು ದನಿ.

ಆಗ ಒಡೆಯಿತು ನೋಡಿ ಕಟ್ಟೆ. ಮಣ್ಣಿನ ದಿನ ಅಳದ ಮನುಷ್ಯ ಮಕ್ಕಳ ಹಾಗೆ ಬಿಕ್ಕಿ ಬಿಕ್ಕಿ ಅತ್ತರು. ಮೂವತ್ತನಾಲ್ಕು ವರ್ಷ ಗಂಡ ಉಂಡೆದ್ದ ಮೇಲೆ ಉಂಡ ಹೆಂಗಸು, ಈಗಲೂ ಅವರದ್ದಾಗಲಿ ಅಂತ ಉಪವಾಸ ಕೂತಿದ್ದಾಳೆ. ಇಲ್ಲಿ ಇವರು ಬಾಳೆಹಣ್ಣು ತಿಂದುಕೊಂಡಿದ್ದಾರೆ. ಅವರು ಅಳುತ್ತಲೇ, "ಬಾ ಚೆನ್ನಾಜಿ. ಇವತ್ತು ಒಟ್ಟಿಗೇ ಕೂರೋಣ" ಅಂದರು. ಎರಡನೇ ಸಲ ಹೆಸರು ಸರಾಗವಾಗಿ ಬಂತು. ಮನೆ ಕಡೆ ಹೊರಟರು. ಅವರು ಹೆಜ್ಜೆ ಎತ್ತಿದ ಹಾಗೆ ನಮ್ಮ ಕಾಲಡಿಯ ಬಿಸಿ ಮೆಲ್ಲಗೆ ಸರಿಯುತ್ತಾ ಮೂರನೇ ಅಡ್ಡರಸ್ತೆಗೆ ತಿರುಗಿತು. ನಾವೆಲ್ಲ ತಣ್ಣನೆಯ ನೆಲದ ಮೇಲೆ ನಿಂತುಕೊಂಡೆವು. ಯಾರಿಗೂ ಬೇಜಾರಾಗಲಿಲ್ಲ. ಶಕೀಲಾ ಟೀಚರ್ ಓಡಿಹೋಗಿ ತಮ್ಮ ಮನೆಯ ಅನ್ನ, ಸಾರಿನ ಪಾತ್ರೆ ಎತ್ತಿಕೊಂಡು ಬಂದರು. ಆ ಮನೆಯಲ್ಲಿ ಅಡುಗೆ ಎಲ್ಲಿತ್ತು ಪಾಪ. ಹೊಸ್ತಿಲ ಮೇಲೆ ಇಟ್ಟು, ಒಳಗೆ ನೋಡದೆ ವಾಪಸಾದರು.

ಪೆಟ್ಟಿಗೆ ಬಸ್ಸಿಗೆ ಹೋಗಲಿಲ್ಲ. ಸಾಹುಕಾರರು ಅಡುಗೆ ಕಲಿತಿದ್ದಾರೆ, ಅಷ್ಟೇನೂ ಚೆನ್ನಾಗಿ ಮಾಡುವುದಿಲ್ಲ, ಉಪ್ಪು ಜಾಸ್ತಿ. ದಿನವೂ ಒಂದರಿಂದ ಎರಡು ಗಂಟೆಯವರೆಗೆ ಆ ಬಡಾವಣೆಯಲ್ಲಿ ಯಾರೂ ಆ ಹೆಸರು ಕರೆಯುವುದಿಲ್ಲ. ಬಿದ್ದದ್ದು ಬಿದ್ದಲ್ಲೇ ಇರುತ್ತದೆ, ಉಕ್ಕಿದ್ದು ಉಕ್ಕುತ್ತದೆ, ಅವರವರ ಕೆಲಸ ಅವರವರೇ ಮಾಡಿಕೊಳ್ಳುತ್ತಾರೆ. ಗೊತ್ತಿಲ್ಲದ ಹೊರಗಿನವರು ಆ ಹೊತ್ತಿಗೆ ಬಂದು ಕಮಾನಿನ ಮೇಲಿನ ಹೆಸರನ್ನು ಗಟ್ಟಿಯಾಗಿ ಓದಲು ಹೊರಟರೆ, ಗೇಟಿನ ವಾಚ್‌ಮನ್ ತುಟಿಯ ಮೇಲೆ ಬೆರಳಿಟ್ಟು ತಡೆಯುತ್ತಾನೆ. "ಸ್ವಲ್ಪ ಹೊತ್ತು ಬಿಟ್ಟು ಬನ್ನಿ. ಅಮ್ಮ ಊಟಕ್ಕೆ ಕೂತಿದಾರೆ."